ಹಳ್ಳದ ದಾರಿ

ಹಿಂದಿಯಲ್ಲಿ ಮಾತಾಡುತ್ತಲೇ ಕಿಶೋರ ಬೀರು ಗೌಡನ ಕಡೆ ಕೈ ತೋರಿಸಿದ. ಹಿಂದಿ ಬಾರದ ಬೀರು, ತನ್ನ ವಿಷಯವೇನೋ ಬಂತೆಂದಷ್ಟೇ ತಿಳಿದು, ಹೆಗಲ ಮೇಲಿನ ಚೀಲಗಳನ್ನು ಸರಿಮಾಡಿಕೊಳ್ಳುತ್ತ ಎಲ್ಲರತ್ತ ನೋಡಿ ನಕ್ಕ. ಕಿಶೋರ ಹೇಳಿದ್ದು ಇಷ್ಟೇ: ನಾನು ಗುಡ್ಡದ ಮೇಲಿನ ದಾರಿಯಲ್ಲೇ ಹೋಗೋಣ ಅಂದಿದ್ದೆ, ಹಳ್ಳಕ್ಕೆ ಇಳಿಸಿದವನು ಇವನು.

ನಡೆದದ್ದು ಇದಕ್ಕೆ ಪೂರ್ತಿ ಉಲ್ಟಾ. ಹಟ್ಟಿಕೇರಿಯಲ್ಲಿ ಹೊರಟು, ಹಾಲಕ್ಕಿ ಒಕ್ಕಲಿಗರ ಪುಟ್ಟ ಕೇರಿಗಳಾದ ಕೊಪ್ಪಗಳಲ್ಲಿ ಎರಡು ರಾತ್ರಿ ಉಳಿದು, ಮೂರನೆಯ ದಿನ ರಾಮನಗುಳಿಯಲ್ಲಿ ಇಳಿಯುವ, ಕಿಶೋರ ನಡೆಸುವ ಚಾರಣ ಅದು. ಈ ಸಲ ಪುಣೆಯಿಂದ ಐದು ಜನ ಬಂದಿದ್ದರು. ಎರಡನೆಯ ದಿನ ದಾರಿ ಕವಲೊಡೆಯುವಲ್ಲಿ ಬೀರು ನಿಂತು, ಮಳೆಗಾಲ ಈಗಷ್ಟೇ ಮುಗಿದಿದೆ, ಹಳ್ಳದ ಕಲ್ಲಿಗೆಲ್ಲ ಇನ್ನೂ ಹಾವಸೆ ಇದೆ, ಗುಡ್ಡ ಹತ್ತಿ ಹೋಗೋಣ ಎಂದಿದ್ದ. ಆದರೆ ಕಿಶೋರ ಜಾಹೀರಾತಿನಲ್ಲಿ ಹಾಕಿದ್ದು ಆ ಹಳ್ಳದಲ್ಲಿ ಧುಮುಕುವ ಅಬ್ಬಿಯ ಫೋಟೋ. ಬಂದವರಿಗೆ ಅದನ್ನು ತೋರಿಸದಿದ್ದರೆ ಹೇಗೆ? ಏನೂ ಆಗೂದಿಲ್ಲ ಬೀರಣ್ಣ ಎಂದು ಅವನೇ ಮುಂದೆ ಇಳಿದಿದ್ದ.

ಅರ್ಧ ದಾರಿಯಲ್ಲಿ ಮಧುರಾ ಎಂಬ ಹೆಂಗಸು ಜಾರಿ ಬಿದ್ದಳು. ನೋಡನೋಡುತ್ತ ಪಾದ ಊದಿಕೊಂಡಿತು. ಅವಳ ಗಂಡ ಸಮೀರ ಸಿಟ್ಟಿನಿಂದ ತಿರುಗಿ, ಇದೆಂಥ ಗೈಡ್‌ಗಿರಿ ಎಂದು ಕೇಳಿದಾಗ ಕಿಶೋರನ ಬಾಯಿಂದ ಆ ಮಾತು ಹೊರಬಿತ್ತು. ಯೋಚಿಸಿ ಆಡಿದ್ದಲ್ಲ. ಆದರೆ ಆಡಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

ಕಿಶೋರ ಕಾರವಾರದ ಮೀನುಗಾರರ ಮನೆಯವನು. ಸಮುದ್ರ ಗೊತ್ತಿತ್ತು, ಕಾಡು ಗೊತ್ತಿರಲಿಲ್ಲ. ನಾಲ್ಕು ವರ್ಷದ ಕೆಳಗೆ ಈ ಗುಡ್ಡಗಳಿಗೆ ಮೊದಲ ಸಲ ಬಂದಾಗ ಎಲ್ಲಿ ನೀರಿದೆ, ಎಲ್ಲಿ ಕಾಡುಕೋಣ ಅಡ್ಡ ಬರುತ್ತದೆ, ಯಾವ ಮನೆಯ ಜಗಲಿಯಲ್ಲಿ ಮಲಗಬಹುದು ಎಂಬುದನ್ನೆಲ್ಲ ತೋರಿಸಿಕೊಟ್ಟವನು ಬೀರು. ಜಾಹೀರಾತಿನಲ್ಲಿ ಮಾತ್ರ, ಈ ದಾರಿ ಹುಡುಕಿದ್ದು ತಾನು ಎಂದು ಕಿಶೋರ ಬರೆದುಕೊಂಡಿದ್ದ.

ಆ ಸಂಜೆ ಉಳಿಯಬೇಕಾದದ್ದು ಬೀರುವಿನ ಮನೆಯಲ್ಲೇ. ಅವನ ಹೆಂಡತಿ ಸೋಮಿ, ಯಾರೂ ಹೇಳುವ ಮೊದಲೇ ಬಿಸಿನೀರು ತಂದು ಮಧುರಾಳ ಕಾಲು ತೊಳೆದಳು, ಯಾವುದೋ ಬೇರು ತೇದು ಹಚ್ಚಿ ಹಳೇ ಸೀರೆಯ ಪಟ್ಟಿ ಕಟ್ಟಿದಳು. ಅಂಕೋಲೆಯ ಕಾಲೇಜಿಗೆ ಹೋಗುವ ಮಗಳು ಗಾಯತ್ರಿ ರಜೆಯೆಂದು ಮನೆಗೆ ಬಂದಿದ್ದಳು. ಎಲ್ಲರಿಗೂ ಕುಚಲಕ್ಕಿ ಗಂಜಿ, ಒಣಮೀನಿನ ಚಟ್ನಿ ಬಡಿಸಿದವಳು ಅವಳು.

ಉಣ್ಣುತ್ತ ಸಮೀರ ಪಕ್ಕದವನಿಗೆ ಹಿಂದಿಯಲ್ಲಿ ಹೇಳಿದ: ಈ ಮುದುಕನನ್ನು ಇನ್ನು ಕರೆತರಬೇಡ ಅಂತ ಕಿಶೋರನಿಗೆ ಹೇಳಬೇಕು, ಕೆಟ್ಟ ದಾರಿಗೆ ಇಳಿಸಿ ನನ್ನ ಹೆಂಡತಿಯ ಕಾಲು ಮುರಿಸುತ್ತಿದ್ದ. ಕಾಲೇಜಿನಲ್ಲಿ ಹಿಂದಿ ಕಲಿತಿದ್ದ ಗಾಯತ್ರಿಯ ಸೌಟು ಅಲ್ಲೇ ನಿಂತಿತು. ಅವಳು ಕಿಶೋರನ ಮುಂದೆ ಬಂದು, ದನಿ ಎತ್ತದೆ ಕೇಳಿದಳು.

"ಕಿಶೋರಣ್ಣಾ, ಹಳ್ಳದ ದಾರೀಲಿ ಕರ್ಕಂಡು ಬಂದದ್ದು ನಮ್ಮಪ್ಪ ಅಂತ ನೀವು ಇವ್ರಿಗೆ ಹೇಳದ್ರಾ?"

ಕಿಶೋರ ತಾಟನ್ನು ಹತ್ತಿರ ಎಳೆದುಕೊಂಡ. ಒಲೆಯ ಹತ್ತಿರ ಕೂತಿದ್ದ ಬೀರು ಮಗಳನ್ನು ನೋಡಿದ, ಆಮೇಲೆ ಅವನನ್ನು ನೋಡಿದ.

"ಅಲ್ಲಿ ನನ್ನ ತೋರ್ಸಿ ಹೇಳದ್ದು ಅದಾ?" ಎಂದ. "ನಾ ನಕ್ಕಿದ್ದೆ."

ಗಾಯತ್ರಿ ಮತ್ತೇನೋ ಹೇಳಲು ಬಾಯಿ ತೆರೆದಳು. ಬೀರು ಬಿಡಲಿಲ್ಲ. "ಉಣ್ಣೂಕೆ ಕುಂತವ್ರ ಮುಂದೆ ಬೇಡ ಮಗಾ. ಗಂಜಿ ಬಡ್ಸು."

ಐದೂ ಜನ ಎದುರಿಗೇ ಇದ್ದರು. ನಿಜ ಹೇಳಲು ಹಿಂದಿಯಲ್ಲಿ ನಾಲ್ಕು ಮಾತು ಸಾಕಿತ್ತು. ಇವರು ಊರಿಗೆ ಹೋಗಿ ಏನು ಬರೆದಾರು, ಮುಂದಿನ ವಾರದ ಗುಂಪು ಬಂದೀತೇ ಎಂದು ಯೋಚಿಸುತ್ತ ಕಿಶೋರ ಕೂತ. ಗಾಯತ್ರಿ ಅವನ ತಾಟಿಗೂ ಗಂಜಿ ಹಾಕಿದಳು. ಉಳಿದವರಿಗೆ ಹಾಕಿದಷ್ಟೇ, ಕಡಿಮೆಯಿಲ್ಲ. ಅವನು ಉಂಡ.

ಬೆಳಿಗ್ಗೆ ಮಧುರಾಳಿಗೆ ಕಾಲೂರಲು ಆಗಲಿಲ್ಲ. ಬೀರು ನೆರೆಮನೆಯ ತಿಮ್ಮುವನ್ನು ಕರೆದ. ಕೊಪ್ಪದವರು ಬಾಣಂತಿಯರನ್ನೂ ಬೇನೆಯವರನ್ನೂ ರಸ್ತೆಗೆ ಇಳಿಸುವುದು ಹೇಗೋ ಹಾಗೇ, ಬಿದಿರಿಗೆ ಕಂಬಳಿ ಕಟ್ಟಿ ಜೋಲಿ ಮಾಡಿದರು. ತಿಮ್ಮು ಮುಂದೆ, ಬೀರು ಹಿಂದೆ. ಮೂರು ತಾಸಿನ ಇಳಿಜಾರು. ನಡುವೆ ಒಂದು ಕಡೆ ಸಮೀರ, ತಪ್ಪು ಮಾಡಿದವನು ಈಗಲಾದರೂ ತೀರಿಸುತ್ತಿದ್ದಾನೆ ಎಂದ. ಬೀರು ಹೆಜ್ಜೆಯ ಮೇಲಿನ ಕಣ್ಣು ತೆಗೆಯದೆ, "ಏನಂತ್ರು?" ಎಂದು ಕೇಳಿದ.

"ಹುಷಾರಾಗಿ ನಡೀರಿ ಅಂದ್ರು" ಎಂದ ಕಿಶೋರ.

ಬೀರು ಹೂಂಗುಟ್ಟಿದ. ನಂಬಿದನೋ ಇಲ್ಲವೋ, ಕಿಶೋರನಿಗೆ ತಿಳಿಯಲಿಲ್ಲ. ನಿನ್ನೆಯದು ಬಾಯಿ ತಪ್ಪಿ ಬಂದ ಮಾತು ಎಂದಾದರೂ ತನಗೆ ತಾನು ಹೇಳಿಕೊಳ್ಳಬಹುದಿತ್ತು. ಈ ಸುಳ್ಳಿಗೆ ಆ ನೆಪವೂ ಇರಲಿಲ್ಲ. ಅಲ್ಲಿಂದ ಮುಂದೆ ಅವನು ಎಲ್ಲರಿಗಿಂತ ಹಿಂದೆ ನಡೆದ.

ರಾಮನಗುಳಿಯಲ್ಲಿ ಜೀಪು ಕಾಯುತ್ತಿತ್ತು. ಮಧುರಾಳನ್ನು ಕೂರಿಸಿದ್ದಾಯಿತು. ತಿಮ್ಮು ಜೋಲಿಯ ಹಗ್ಗ ಬಿಚ್ಚುತ್ತಿದ್ದ, ಬೀರು ಕಂಬಳಿ ಕೊಡವುತ್ತಿದ್ದ. ಅವನ ಹೆಗಲ ಮೇಲೆ ಬಿದಿರು ಒತ್ತಿದ ಬಾಸುಂಡೆ ಕೆಂಪಗೆ ಎದ್ದಿತ್ತು. ಕಿಶೋರ ಹತ್ತಿರ ಹೋದ.

"ಬೀರಣ್ಣಾ, ತಪ್ಪು ನಂದು."

"ಇದನ್ನ ನಂಗೆ ಎಂತಕ್ಕೆ ಹೇಳ್ತೆ ತಮಾ?" ಬೀರು ಕಂಬಳಿ ಮಡಚಿದ. "ನಂಗೆ ಗೊತ್ತದೆ. ಗೊತ್ತಿಲ್ಲದವ್ರು ಅಲ್ಲಿ ಜೀಪಲ್ಲಿ ಕುಂತವ್ರೆ."

ಕಿಶೋರ ಜೀಪಿನ ಬಳಿ ಬಂದು, ಕಿಟಕಿಗೆ ಕೈಯಿಟ್ಟು, ಎಲ್ಲವನ್ನೂ ಹೇಳಿದ. ಗುಡ್ಡದ ದಾರಿ ಎಂದವನು ಬೀರು, ಹಳ್ಳಕ್ಕೆ ಇಳಿಸಿದವನು ನಾನು, ಆಮೇಲೆ ಸುಳ್ಳು ಹೇಳಿದವನೂ ನಾನು. ಎರಡು ದಿನದ ಮೇಲೆ ಸಿಗ್ನಲ್ ಸಿಕ್ಕಿತ್ತು, ಎಲ್ಲರ ಫೋನುಗಳೂ ಬಡಿದುಕೊಳ್ಳುತ್ತಿದ್ದವು. ಸಮೀರ ತನ್ನದರಿಂದ ಕಣ್ಣೆತ್ತದೆ, ಆಯ್ತು ಬಿಡು, ಎಕ್ಸ್‌ರೇ ಎಲ್ಲಿ ತೆಗೆಯುತ್ತಾರೆ ಅದನ್ನು ಹೇಳು ಎಂದ.

ಮಧುರಾ ಮಾತ್ರ ಅವನ ಮುಖ ನೋಡುತ್ತಿದ್ದಳು. ಮೂರು ತಾಸು ತಲೆಯ ಹಿಂದೆಯೇ ಜೋಲಿ ಹೊತ್ತ ಮನುಷ್ಯನ ಏದುಸಿರು ಕೇಳುತ್ತ ಬಂದವಳು.

"ಅವರ ಹೆಸರೇನು?" ಎಂದು ಕೇಳಿದಳು.

"ಬೀರು ಗೌಡ."

ಅವಳು ಬಾಗಿಲು ತೆರೆದು, ಚೌಕಟ್ಟು ಹಿಡಿದು ಹೊರಗೆ ಬಗ್ಗಿದಳು. ಬೀರು, ತಿಮ್ಮು ಆಗಲೇ ರಸ್ತೆ ದಾಟಿ, ಅಂಚಿನಲ್ಲಿ ಒಬ್ಬರ ಹಿಂದೊಬ್ಬರು ನಡೆಯುತ್ತಿದ್ದರು. ಅವಳು ಕರೆಯುವಷ್ಟರಲ್ಲಿ ಯಲ್ಲಾಪುರದ ಕಡೆಯಿಂದ ಲಾರಿಯೊಂದು ಬಂತು, ಅದರ ಬೆನ್ನಿಗೆ ಇನ್ನೊಂದು. ಎರಡೂ ದಾಟಿ ಹೋದ ಮೇಲೆ ಅಂಚಿನಲ್ಲಿ ಅವರಿಬ್ಬರೂ ಕಾಣಲಿಲ್ಲ, ರಸ್ತೆಯ ಮೇಲೆ ಧೂಳು ನಿಧಾನವಾಗಿ ಕೂರುತ್ತಿತ್ತು.