ಮುರಿಯುವ ಜಾಗ

ನನ್ನ ಸೊಸೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಉಕ್ಕಿನ ಕಟ್ಟಡಗಳ ಲೆಕ್ಕ ಕಲಿಸುತ್ತಾಳೆ. ಎಷ್ಟು ಭಾರಕ್ಕೆ ಎಂಥ ಕಂಬ, ಎಷ್ಟು ಉದ್ದಕ್ಕೆ ಎಂಥ ತೊಲೆ, ಎರಡನ್ನು ಕೂಡಿಸಲು ಎಷ್ಟು ಬೋಲ್ಟು, ಇದು ಅವಳ ವಿಷಯ. ವಿದ್ಯಾರ್ಥಿಗಳು ಬೆನ್ನ ಹಿಂದೆ ಅವಳನ್ನು ಮುರುಕಮ್ಮ ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ನನಗೆ ಮೈಯೆಲ್ಲ ಉರಿದಿತ್ತು. ಸೊಸೆಯನ್ನು ಬೈಯುವ ಹಕ್ಕು ಅತ್ತೆಗಿದೆ, ಕಂಡವರ ಮಕ್ಕಳಿಗೆ ಎಲ್ಲಿಂದ ಬಂತು? ಅವಳು ಮಾತ್ರ ನಕ್ಕು, ಹೆಸರು ಸರಿಯಾಗಿಯೇ ಇಟ್ಟಿದ್ದಾರೆ ಅಂದಳು.

ಅವಳ ತರಗತಿಯಲ್ಲಿ ವರ್ಷದ ಕೊನೆಗೆ ಒಂದು ಮುರಿಯುವ ದಿನ ಇರುತ್ತದೆ. ನಾಲ್ಕೈದು ಜನರ ಗುಂಪು ತಾವೇ ಲೆಕ್ಕ ಹಾಕಿ, ತಾವೇ ಉಕ್ಕಿನ ಪಟ್ಟಿ ಕತ್ತರಿಸಿ, ತೂತು ಕೊರೆದು, ಬೋಲ್ಟು ಬಿಗಿದು ಮೇಜಿನುದ್ದದ ಒಂದು ಸೇತುವೆ ಕಟ್ಟಬೇಕು. ಅದನ್ನು ಲ್ಯಾಬಿನಲ್ಲಿ ತಂತಿಬಲೆಯ ಗೂಡಿನೊಳಗಿಟ್ಟು, ನಡುವೆ ಜಾಕಿನಿಂದ ಒತ್ತುತ್ತಾರೆ, ಅದು ಸೋಲುವವರೆಗೆ. ಎಷ್ಟು ಭಾರ ಹೊತ್ತಿತು ಅನ್ನುವುದಕ್ಕೆ ಅಂಕವಿಲ್ಲ. ಯಾವ ಭಾಗ ಮೊದಲು ಸೋಲುತ್ತದೆ, ಹೇಗೆ ಸೋಲುತ್ತದೆ ಎಂದು ಮುಂಚೆಯೇ ಬೋರ್ಡಿನ ಮೇಲೆ ಬರೆಯಬೇಕು. ಹೇಳಿದಲ್ಲೇ ಸೋತರೆ ಹತ್ತಕ್ಕೆ ಹತ್ತು. ಬೇರೆ ಕಡೆ ಸೋತರೆ, ಆನೆ ಭಾರ ಹೊತ್ತಿದ್ದರೂ ಸೊನ್ನೆ. ಅಲ್ಲಿರಬಹುದು, ಇಲ್ಲಿರಬಹುದು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟವರಿಗೂ ಸೊನ್ನೆ. ಎಲ್ಲರದೂ ಮುಗಿದ ಮೇಲೆ ಅವಳೂ ತನ್ನದೊಂದು ಸೇತುವೆ ತಂದು, ತಾನೂ ಬೋರ್ಡಿನ ಮೇಲೆ ಬರೆದು, ಎಲ್ಲರ ಕಣ್ಣೆದುರು ಮುರಿಯುತ್ತಾಳೆ.

ಕಟ್ಟುವುದನ್ನು ಕಲಿಸು ಎಂದು ಸಂಬಳ ಕೊಟ್ಟರೆ ಮುರಿಯುವುದನ್ನು ಕಲಿಸುತ್ತೀಯಲ್ಲ ಎಂದು ನಾನೊಮ್ಮೆ ರೇಗಿದ್ದೆ. ನಾನು ದರ್ಜಿ, ನಡುಮನೆಯ ಕಿಟಕಿ ಪಕ್ಕ ಈಗಲೂ ನನ್ನ ಹೊಲಿಗೆ ಯಂತ್ರ ಓಡುತ್ತದೆ. ಕಂಕುಳಿನ ಹೊಲಿಗೆಗೆ ತೀರಾ ಗಟ್ಟಿ ದಾರ ಯಾಕೆ ಹಾಕುವುದಿಲ್ಲ ಎಂದು ಅವಳು ತಿರುಗಿ ಕೇಳಿದಳು. ಎಳೆದಾಗ ದಾರ ಹೋಗಲಿ, ಬಟ್ಟೆ ಹರಿಯದಿರಲಿ ಎಂದು, ಅಂದೆ. ತನ್ನ ಪಾಠವೂ ಅದೇ ಅಂದಳು. ಎಂದೂ ಸೋಲದ ಕಟ್ಟಡ ಎನ್ನುವವನು ಸುಳ್ಳ. ನೆಲ ನಡುಗಿದಾಗ ಒಂದು ಭಾಗ ಮೊದಲು ಬಗ್ಗಬೇಕು, ಮೆಲ್ಲಗೆ ಉದ್ದವಾಗಬೇಕು, ಒಳಗಿದ್ದವರು ಅದನ್ನು ನೋಡಿ ಹೊರಗೆ ಓಡಬೇಕು. ಉಕ್ಕಿನ ದೊಡ್ಡ ಗುಣವೇ ಅದಂತೆ, ಹೇಳಿ ಹೋಗುತ್ತದೆ. ಹೇಳದೆ ಪಟ್ಟನೆ ಹೋದರೆ ಅದು ಲೆಕ್ಕ ಹಾಕಿದವರ ತಪ್ಪು.

ಅವಳು ಪಾಠ ಸಿದ್ಧ ಮಾಡುವುದು ನಮ್ಮ ಊಟದ ಮೇಜಿನ ಮೇಲೆ. ಪ್ಲಾಸ್ಟಿಕ್ ಸ್ಕೇಲನ್ನು ನಿಲ್ಲಿಸಿ ಮೇಲಿನಿಂದ ಒತ್ತುತ್ತಾಳೆ, ಅದು ಪಕ್ಕಕ್ಕೆ ಬಿಲ್ಲಿನಂತೆ ಬಾಗುತ್ತದೆ. ತೆಳ್ಳಗೆ ಉದ್ದವಿದ್ದದ್ದು ಹೀಗೇ ಸೋಲುವುದು ಎಂದು ಖಾಲಿ ಕುರ್ಚಿಗಳಿಗೆ ಹೇಳುತ್ತಾಳೆ. ಅನ್ನ ಆರಿ ತಣ್ಣಗಾದರೂ ಪರಿವೆಯಿಲ್ಲ. ನಾನು ಗೊಣಗುತ್ತೇನೆ, ಕೇಳುತ್ತಲೂ ಇರುತ್ತೇನೆ. ಹಳೆಯ ಪಾಠವನ್ನೇ ಪ್ರತಿ ವರ್ಷ ಹೊಸದಾಗಿ ಹೇಳುವವರನ್ನು ನಾನು ಬೇರೆ ಕಂಡಿಲ್ಲ.

ಇಷ್ಟಾದರೂ ಅವಳ ಕೆಲಸ ಖಾಯಂ ಆಗಿರಲಿಲ್ಲ. ಪ್ರತಿ ವರ್ಷ ರಜೆ ಬಂತೆಂದರೆ, ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಮನೆಮಂದಿಯೆಲ್ಲ ಉಸಿರು ಬಿಗಿಹಿಡಿಯಬೇಕು. ಈ ವರ್ಷ ಅವಳ ವಿಭಾಗದ ಮುಖ್ಯಸ್ಥ, ಕಂಪ್ಯೂಟರಿನಲ್ಲೇ ಮುರಿದು ತೋರಿಸಬಹುದಾದ್ದಕ್ಕೆ ಇಷ್ಟು ಕಬ್ಬಿಣ ಹಾಳು ಮಾಡುವುದು ಯಾಕೆ ಎಂದು ಆಡಳಿತದವರ ಕಿವಿ ಊದಿದ. ನೋಡಿ ಬರಲು ಅವರು ಮೂವರನ್ನು ಕಳಿಸುವುದೆಂದಾಯಿತು. ಮುರಿಯುವ ದಿನ ಕಂಡು ಅವರು ಮೆಚ್ಚಿದರೆ ಕೆಲಸ ಖಾಯಂ, ಇಲ್ಲವಾದರೆ ಆ ದಿನವೂ ಇಲ್ಲ, ಇವಳೂ ಇಲ್ಲ. ಸಾಲದ್ದಕ್ಕೆ, ಬರುವವರ ಅನುಕೂಲಕ್ಕೆಂದು ಮುಖ್ಯಸ್ಥ ಆ ದಿನವನ್ನು ಒಂದು ವಾರ ಮೊದಲೇ ಇಟ್ಟ.

ಮುರಿಯುವ ದಿನ ಬೆಳಿಗ್ಗೆ ಮಗನನ್ನು ಅಡುಗೆಮನೆಗೆ ಕರೆದು, "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಇವಳು ತಡ್ಕೊಳಲ್ಲ ಕಣೋ, ಅತ್ತುಬಿಡ್ತಾಳೆ. ಅಂಗಡಿ ಬೇಗ ಮುಚ್ಚಿ ಬಾ," ಅಂದೆ. ಅವನದು ಔಷಧಿ ಅಂಗಡಿ. ಹೂಂ ಅಂದ. ನಾನು ಒಳ್ಳೆಯ ಸೀರೆ ಉಟ್ಟು ಸೊಸೆಯ ಜೊತೆ ಹೊರಟೆ. ಮನೆಯವರು ಬಂದು ನೋಡಬಹುದು ಎಂದು ಅವಳೇ ಕರೆದಿದ್ದಳು.

ಲ್ಯಾಬೆಂದರೆ ಎತ್ತರದ ಕಿಟಕಿಗಳ ದೊಡ್ಡ ಕೋಣೆ. ಎಣ್ಣೆಯ ವಾಸನೆ, ಕಾಲಡಿಯಲ್ಲಿ ಕಬ್ಬಿಣದ ಪುಡಿ. ನನಗೆ ಹಿಂದುಗಡೆ ಒಂದು ಸ್ಟೂಲು ಸಿಕ್ಕಿತು. ಬಂದ ಮೂವರಲ್ಲಿ ಇಬ್ಬರು ಗಡಿಯಾರ ನೋಡುವವರು, ಒಬ್ಬರು ಜೀವಮಾನವೆಲ್ಲ ಸೇತುವೆ ಕಟ್ಟಿ ನಿವೃತ್ತರಾದ ಮುದುಕರು. ಗುಂಪುಗಳು ಒಂದೊಂದಾಗಿ ಬಂದವು. ಓರೆಯಾಗಿ ಕೂರಿಸಿದ ಪಟ್ಟಿ ಪಕ್ಕಕ್ಕೆ ಬಾಗುತ್ತದೆ ಎಂದು ಬರೆದವರದು ಹಾಗೆಯೇ ಬಾಗಿತು, ಮಕ್ಕಳು ಕುಣಿದಾಡಿದರು. ನಮ್ಮದೇ ಎಲ್ಲಕ್ಕಿಂತ ಗಟ್ಟಿ ಎಂದು ಮೀಸೆ ತಿರುವಿದ್ದ ಗುಂಪಿನದು ನಿಜಕ್ಕೂ ಗಟ್ಟಿಯಿತ್ತು, ಆದರೆ ಹೇಳದ ಕಡೆ ಹೋಗಿ ಸೊನ್ನೆ ತಿಂದಿತು.

ಕೊನೆಗೆ ಸೊಸೆಯ ಸೇತುವೆ. 'ಕೆಳಗಿನ ಪಟ್ಟಿ ಉದ್ದವಾಗುತ್ತದೆ' ಎಂದು ದುಂಡಗೆ ಬರೆದಳು. ಜಾಕು ಒತ್ತಿತು. ಪಟ್ಟಿ ಉದ್ದವಾಗಬೇಕಾದಷ್ಟು ಭಾರ ಬಿತ್ತು, ಆಗಲಿಲ್ಲ. ಇನ್ನಷ್ಟು ಬಿತ್ತು, ಆಗಲೂ ಇಲ್ಲ. ಅವಳು ಗೂಡಿನ ಹತ್ತಿರ ಬಗ್ಗಿ ಪಟ್ಟಿಯನ್ನೇ ನೋಡಿದಳು. ಅಷ್ಟರಲ್ಲಿ ಢಬ್ ಎಂದು ಗುಂಡು ಹಾರಿದ ಸದ್ದಾಯಿತು. ಮೂಲೆಯ ಬೋಲ್ಟು ತುಂಡಾಗಿ ತಂತಿಬಲೆಗೆ ಬಡಿದು, ಸೇತುವೆ ಕುಸಿದು ಕೂತಿತು. ಹೇಳಿದ ಕಡೆ ಹೋಗಲಿಲ್ಲ, ಹೇಳಿಯೂ ಹೋಗಲಿಲ್ಲ. ಮುಖ್ಯಸ್ಥ ಮೂವರ ಕಡೆ ನೋಡಿ, ನಾನು ಹೇಳಿರಲಿಲ್ಲವೇ ಎನ್ನುವಂತೆ ತಲೆಯಾಡಿಸಿದ. ಅವನ ಕಾಲರ್ ಹಿಡಿದು ಕೇಳೋಣ ಅನ್ನಿಸಿತು.

ಬೇರೆ ಯಾರಾದರೂ ಆಗಿದ್ದರೆ ಜಾಕು ಸರಿಯಿಲ್ಲ, ಬೋಲ್ಟು ಕಳಪೆ ಎಂದು, ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಿದ್ದರು. ನನ್ನ ಸೊಸೆ ಸೀಮೆಸುಣ್ಣ ತೆಗೆದುಕೊಂಡು ತನ್ನ ಸಾಲಿನ ಮುಂದೆ ದೊಡ್ಡದೊಂದು ಸೊನ್ನೆ ಬರೆದಳು. ಆಮೇಲೆ ತಿರುಗಿ, "ಯಾಕೆ ಹೀಗಾಯ್ತು, ಕಂಡುಹಿಡೀರಿ. ಇವತ್ತಿನ ಪಾಠ ಇದೇ," ಅಂದಳು.

ಮಕ್ಕಳೆಲ್ಲ ಮುರಿದ ಸೇತುವೆಯ ಸುತ್ತ ನೆಲದ ಮೇಲೆ ಕೂತರು. ಒಬ್ಬ ತೂತು ಅಳೆದ, ಇನ್ನೊಬ್ಬ ಲೆಕ್ಕ ತಿರುಗಿ ಹಾಕಿದ. ಆವರೆಗೆ ತುಟಿ ಬಿಚ್ಚದಿದ್ದ ಕನ್ನಡಕದ ಹುಡುಗಿಯೊಬ್ಬಳು, ಪಟ್ಟಿಯ ತುಂಡನ್ನು ಮೊದಲೇ ಎಳೆಯುವ ಯಂತ್ರಕ್ಕೆ ಕೊಟ್ಟು ಎಷ್ಟು ಗಟ್ಟಿ ಎಂದು ನೋಡಿದ್ದಿರಾ ಎಂದು ಕೇಳಿದಳು. ಪ್ರತಿ ವರ್ಷ ನೋಡುತ್ತಿದ್ದೆ, ಈ ಸಲ ಸಮಯ ಸಿಗದೆ ಕಾರ್ಖಾನೆಯವರು ಕೊಟ್ಟ ಅಂಕಿಯನ್ನೇ ನಂಬಿದೆ ಎಂದು ಸೊಸೆ ಒಪ್ಪಿಕೊಂಡಳು.

"ಅವರು ಇದಕ್ಕಿಂತ ಕಡಿಮೆ ಇಲ್ಲ ಅಂತಾರೆ ಮೇಡಂ," ಅಂದಳು ಹುಡುಗಿ. "ಇಷ್ಟೇ ಅಂತ ಹೇಳಲ್ಲ."

ಸೊಸೆಯ ಮುಖ ಅರಳಿದ್ದನ್ನು ನೋಡಬೇಕಿತ್ತು, ತಪ್ಪು ಹಿಡಿದವಳಿಗೆ ಬಹುಮಾನ ಕೊಡುವಂತಿದ್ದಳು. ಅದೇ ಪಟ್ಟಿಯ ತುಂಡು ಕತ್ತರಿಸಿ ಯಂತ್ರಕ್ಕೆ ಕೊಟ್ಟು ಎಳೆದರು. ಅಂದುಕೊಂಡದ್ದಕ್ಕಿಂತ ಸುಮಾರು ಮೂರನೇ ಒಂದು ಪಾಲು ಹೆಚ್ಚು ಗಟ್ಟಿಯಿತ್ತು. ಗಡಿಯಾರ ನೋಡುತ್ತಿದ್ದವರೂ ಬಗ್ಗಿ ನೋಡುತ್ತಿದ್ದರು. ಗಟ್ಟಿಯಿದ್ದರೆ ಒಳ್ಳೆಯದೇ ಅಲ್ಲವೇ ಎಂದು ಮುಖ್ಯಸ್ಥ ಕೊಂಕು ತೆಗೆದ.

"ಮೊದಲು ಬಗ್ಗಬೇಕಾದ್ದು ಬಗ್ಗದೆ ನಿಂತರೆ, ಬಗ್ಗೋಕೆ ಬಾರದ್ದು ಮುರಿಯುತ್ತೆ ಸರ್," ಅಂದಳು ಸೊಸೆ.

ಸೇತುವೆಯ ಮುದುಕರು ಮಂಡಿ ಹಿಡಿದುಕೊಂಡು ಎದ್ದರು. "ಕೆಲಸ ಉಳಿಯೋದೋ ಹೋಗೋದೋ ಅನ್ನೋ ದಿನ ನಿಮಗೆ ನೀವೇ ಸೊನ್ನೆ ಹಾಕ್ಕೊಂಡ್ರಲ್ಲಮ್ಮ," ಅಂದರು.

"ನಾಳೆ ಇವರು ನಿಜವಾದ ಸೇತುವೆ ಕಟ್ತಾರೆ ಸರ್. ತಪ್ಪಾದಾಗ ತಪ್ಪಾಯ್ತು ಅನ್ನೋದನ್ನ ಯಾರನ್ನ ನೋಡಿ ಕಲೀಬೇಕು?"

ಮುದುಕರು ತುಂಡಾದ ಬೋಲ್ಟನ್ನು ಜೇಬಿಗೆ ಹಾಕಿಕೊಂಡು ಹೋದರು. ಅದರಿಂದ ಏನು ತಿಳಿಯಬೇಕೋ ನನಗೆ ತಿಳಿಯಲಿಲ್ಲ.

ಸಂಜೆ ಮಗ ಬೇಗ ಬಂದ. ಇಬ್ಬರೂ ಅವಳ ಮುಖವನ್ನೇ ಕಾದೆವು. ಅವಳು ಅನ್ನವನ್ನು ಎರಡು ಸಲ ಬಡಿಸಿಕೊಂಡು, ಕನ್ನಡಕದ ಹುಡುಗಿಯ ಕತೆ ಹೇಳಿ ನಕ್ಕು, ದಿಂಬಿಗೆ ತಲೆ ಕೊಟ್ಟವಳೇ ನಿದ್ದೆ ಹೋದಳು. ನಿದ್ದೆ ಕೆಟ್ಟದ್ದು ನನಗೆ. ಇಂಥವಳನ್ನು ಕಳೆದುಕೊಳ್ಳುವ ಕಾಲೇಜಿಗೆ ಬುದ್ಧಿ ಇದೆಯೇ ಎಂದು ಒಳಗೊಳಗೇ ಶಪಿಸುತ್ತ ವಾರ ಕಳೆದೆ.

ಒಂದು ಮಧ್ಯಾಹ್ನ ನಾನು ಗಿರಾಕಿಯ ಕರಿ ಬಟ್ಟೆ ಹರಡಿಕೊಂಡು ಕೂತಿದ್ದಾಗ ಅವಳು ಬಂದಳು. ಮಗ ಊಟಕ್ಕೆ ಬಂದಿದ್ದ. ಚಪ್ಪಲಿ ಬಿಡುತ್ತಲೇ, "ಅತ್ತೆ, ಖಾಯಂ ಆಯ್ತು. ಮುರಿಯೋ ದಿನಾನೂ ಉಳೀತು," ಅಂದು ಕೈತೊಳೆಯಲು ಹೋದಳು. ಒಳ್ಳೆಯದಾಯಿತು ಅಂದೆ, ಬಹಳ ಗಟ್ಟಿಯಾಗಿ. ಸೂಜಿಗೆ ದಾರ ಪೋಣಿಸಲು ಹೋದೆ, ಕಣ್ಣು ಕಾಣಲಿಲ್ಲ. ಯಂತ್ರದ ಮೇಲೆ ತಲೆಯಿಟ್ಟು, ಮುನ್ಸೂಚನೆಯೇ ಇಲ್ಲದೆ, ಗೊಳೋ ಎಂದು ಅತ್ತುಬಿಟ್ಟೆ.

ಅವಳು ಒದ್ದೆ ಕೈಯಲ್ಲೇ ಓಡಿಬಂದು ನನ್ನನ್ನು ತಬ್ಬಿಕೊಂಡಳು. ಬಾಗಿಲಲ್ಲಿ ನಿಂತ ಮಗ, "ಅಮ್ಮ, ಅಳೋದು ಅವಳು ಅಂದಿದ್ದೆಯಲ್ಲ," ಅಂದ. ಅವಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಬಟ್ಟೆಗೆ ಗುರುತು ಹಾಕುವ ನನ್ನ ಸೀಮೆಸುಣ್ಣ ಎತ್ತಿಕೊಂಡು ಕರಿ ಬಟ್ಟೆಯ ಮೇಲೆ ದುಂಡಗೆ ಬರೆದಳು.

"ನಿಮಗೂ ಸೊನ್ನೆ, ಅತ್ತೆ."

ಗಿರಾಕಿಯ ಬಟ್ಟೆ ಅದು, ತಲೆ ಕೆಟ್ಟಿದೆಯಾ ನಿನಗೆ ಎಂದು ಬೈದೆ. ಕತ್ತಲಾಗುವವರೆಗೂ ಅದನ್ನು ಒರೆಸಲು ಮಾತ್ರ ಕೈ ಬರಲಿಲ್ಲ.