ನೂಕಿಕೊಂಡು ಬಂದ ಫಟಫಟಿಗಳು

ಗುಡೂರಿನ ದಾರಿಯಲ್ಲಿ ಮೋಟಾರ್ ಸೈಕಲ್ಲುಗಳ ಸದ್ದು ಕೇಳಿದ್ದೇ ನನಗೆ ಮೈಯೆಲ್ಲ ಉರಿಯಿತು. ಇಂಗ್ಲಿಷರ ಫೌಜು ಸೇರಿ ಬಸ್ರಾದ ಲಡಾಯಿಗೆ ಹೋಗಿ ಮರಳಿದ ನಮ್ಮಣ್ಣ ಫಕ್ರುಸಾಬ ಎರಡು ವರ್ಷ ಅಂಥ ಸದ್ದಿಗೇ ತಾನು ಮಲಗುವ ಹೊರಸಿನ ಕೆಳಗೆ ಅಡಗುತ್ತಿದ್ದ. ಅತ್ತಿಗೆ ಲಾಡಬಿ ಓಡಿಹೋಗಿ ಎರಡೂ ಕೈಗಳಿಂದ ಅವನ ಕಿವಿ ಮುಚ್ಚುತ್ತಿದ್ದಳು. ಈಗ ಅವನ ಜನಾಜಾ ಎತ್ತುವ ಹೊತ್ತಿಗೇ, ಸಿಪಾಯಿಗೆ ಮರ್ಯಾದೆ ಮಾಡುತ್ತೇವೆಂದು ಬಾಗಲಕೋಟೆಯ ಮೂವರು, ಯಾರೂ ಕರೆಯದಿದ್ದರೂ, ಗಾಡಿ ಹತ್ತಿ ಬಂದಿದ್ದರು.

“ಮೊದಲ ಆ ಫಟಫಟಿ ಬಂದ್ ಮಾಡ್ರಿ! ಸತ್ತ ಮ್ಯಾಗರ ಅವನ್ನ ಆರಾಮ ಇರಾಕ ಬಿಡ್ರಿ!” ಎಂದು ರೇಗಿದೆ. ಕಾರಣವನ್ನೂ ಹೇಳಿದೆ.

ಅವರ ಮುಖ ಸಪ್ಪಗಾಯಿತು. ಆದರೆ ಹಿಂದಿರುಗಲಿಲ್ಲ. ಆ ಭಾರದ ಗಾಡಿಗಳನ್ನು ನೂಕಿಕೊಂಡೇ ಕಬರಸ್ತಾನದವರೆಗೆ ಬಂದರು. ಮಣ್ಣು ಕೊಟ್ಟು, ಮತ್ತೆ ನೂಕಿಕೊಂಡೇ ನಮ್ಮ ಮನೆಯವರೆಗೆ ಬಂದರು. ಅಂಗಿಗಳು ಬೆವರಿಗೆ ತೊಯ್ದು ಬೆನ್ನಿಗೆ ಅಂಟಿದ್ದವು. ನನಗೆ ಅವರ ಮುಖ ನೋಡಲಾಗಲಿಲ್ಲ.

ಬಾಗಿಲ ಮರೆಯಿಂದ ಲಾಡಬಿ ಅಂದಳು: “ಇನ್ನ ಚಾಲೂ ಮಾಡ್ರೆಪಾ. ಅವರಿಗೆ ಈಗ ಯಾವ ಅಂಜಿಕಿನೂ ಇಲ್ಲ.”

ಮೂರೂ ಗಾಡಿಗಳು ಒಮ್ಮೆಲೇ ಗುಡುಗಿದವು.

ಅತ್ತಿಗೆ ಎರಡೂ ಕೈ ಚಾಚಿ ಹೊರಸಿನತ್ತ ಓಡಿದಳು.