ಅಪ್ಪನ ಎಡಗಾಲು

ನಾಟಕ ಕಲಿಯುತ್ತೇನೆಂದು ಹಟ ಹಿಡಿದು ಸಮುದ್ರ ದಾಟಿ ಬಂದವಳಿಗೆ ಮೊದಲ ವರ್ಷವೇ ಕಲಿಯಲು ಸಿಕ್ಕಿದ್ದು ಯಕ್ಷಗಾನ. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ. ಅವಳ ಅಪ್ಪ ಮೇಳದಲ್ಲಿ ರಾಜವೇಷ ಕಟ್ಟುತ್ತಿದ್ದವರು. ಅವರ ಗೆಜ್ಜೆ ಮನೆಯ ಪಡಸಾಲೆಯ ಗೂಟದಲ್ಲೇ ನೇತಾಡುತ್ತಿತ್ತು. ಅದಕ್ಕೆ ಕೈ ತಾಗಿದರೆ ಸಾಕು, "ಊರೂರು ಅಲೆದು ಕುಣಿಯೋದು ಹೆಣ್ಣುಮಕ್ಕಳಿಗೆ ಆಗೋ ಕೆಲಸ ಅಲ್ಲ, ಹೋಗಿ ಓದ್ಕೋ" ಎಂದು ಗದರುತ್ತಿದ್ದರು. ಸರಿ, ಓದಿದಳು. ಓದಿ ಮುಗಿಸಿ, ನಾಟಕವೇ ಬೇಕೆಂದಳು. ಅದಕ್ಕೂ ಮುಖ ಊದಿಸಿಕೊಂಡು ಓಡಾಡಿದ ಅಪ್ಪ, ಕೊನೆಗೆ ಈ ಶಾಲೆಯನ್ನು ಸೂಚಿಸಿ, "ಹೋಗೋದೇ ಆದ್ರೆ ಅಲ್ಲಿಗೆ ಹೋಗು, ನಮಗೆ ಗೊತ್ತಿರೋರು ಒಬ್ಬರಿದ್ದಾರೆ" ಎಂದಿದ್ದರು. ಗೊತ್ತಿರುವವರು ಅಲ್ಲಿ ಕಲಿಸುವುದೇನು ಎಂಬುದನ್ನು ಮಾತ್ರ ಬಾಯಿ ಬಿಟ್ಟಿರಲಿಲ್ಲ.

ಗೊತ್ತಿರುವವರೆಂದರೆ ಮೇಡಂ. ಬೆಳ್ಳಗಾದ ಕೂದಲನ್ನು ಗಂಟು ಕಟ್ಟಿ, ಬೆನ್ನು ಒಂದಿಷ್ಟೂ ಬಾಗದಂತೆ ನಿಲ್ಲುವ, ಆ ದೇಶದವರೇ ಆದ ಹೆಂಗಸು. ಇವಳು ಓದಲೆಂದು ಹಾಸ್ಟೆಲಿನಲ್ಲಿದ್ದ ಕಾಲಕ್ಕೆ ಅಷ್ಟು ದೂರದಿಂದ ಇವಳ ಊರಿಗೆ ಬಂದು, ಪಕ್ಕದ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದು, ವರ್ಷವಿಡೀ ಅಪ್ಪನ ಬಳಿ ಕುಣಿತ ಕಲಿತು ಹೋಗಿದ್ದರು. ಕನ್ನಡವನ್ನೂ ಅಪ್ಪನಿಂದಲೇ ಕಲಿತಿದ್ದರು. ಅಪ್ಪನಿಗೆ ಕಲಿಸಲು ಗೊತ್ತಿದ್ದ ಕನ್ನಡವೋ, ರಂಗದ ಮೇಲೆ ರಾಜರಾಡುವ ಕನ್ನಡ. ಹಾಗಾಗಿ ಮೊದಲ ದಿನ ಕಾಫಿ ಯಂತ್ರದ ಮುಂದೆ ಅವಳನ್ನು ಕಂಡ ಮೇಡಂ, "ಬಾರಮ್ಮಾ ಗುರುಪುತ್ರಿ, ಪಯಣವು ಸುಖಕರವಾಗಿದ್ದಿತಷ್ಟೆ? ಈ ಯಂತ್ರವು ಎನ್ನ ನಾಣ್ಯವನ್ನು ನುಂಗಿ ಮೌನ ತಾಳಿದೆ" ಎಂದರು. ಅವತ್ತಿನಿಂದ ಇಡೀ ತರಗತಿಗೆ ಅವಳು ಗುರುಪುತ್ರಿ.

ಗುರುಪುತ್ರಿಗೆ ಏನೂ ಬರುವುದಿಲ್ಲ ಎಂದರೆ ಯಾರು ನಂಬಬೇಕು? ಸೊಂಟಕ್ಕೆ ಪಟ್ಟಿ ಬಿಗಿಯುವುದು ಹೇಗೆ ಎಂದು ಒಬ್ಬಳು ಕೇಳುವಳು. ತಾಳದ ಮೂರನೆಯ ಪೆಟ್ಟು ಎಲ್ಲಿ ಬೀಳುತ್ತದೆ ಎಂದು ಇನ್ನೊಬ್ಬ. "ನಂಗೊತ್ತಿಲ್ಲ" ಎಂದರೆ ಅದನ್ನು ವಿನಯವೆಂದು ತಿಳಿದು ಕೈ ಮುಗಿಯುವರು. ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಕುಣಿಯುವವನು ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಹುಡುಗ. ಮನಸ್ಸಿನಲ್ಲೇ ಅವನಿಗೆ ಏಣಿ ಎಂದು ಹೆಸರಿಟ್ಟಿದ್ದಳು. ಅವನಂತೂ ತಪ್ಪಿ ಅವಳ ಕಾಲು ತುಳಿದಾಗಲೂ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. ಅವಳಿಗೆ ಮೈಯೆಲ್ಲ ಉರಿಯಿತು. ಮೇಡಂಗೆ ಗೊತ್ತಿದ್ದ ತಾಳ, ಹಾಡಿನ ಮಟ್ಟು, ಹೆಜ್ಜೆಗಳಲ್ಲಿ ಕಾಲುಭಾಗವೂ ತನಗೆ ಗೊತ್ತಿಲ್ಲ ಎಂಬುದು ಅದಕ್ಕಿಂತ ಹೆಚ್ಚು ಉರಿಸುವ ಸಂಗತಿ. ತನ್ನ ಮನೆಯ ವಿದ್ಯೆಯನ್ನು ಪರದೇಶದಲ್ಲಿ, ಪರರ ಕೈಯಿಂದ, ಪರೀಕ್ಷೆಗಾಗಿ ಕಲಿಯುವ ಹಣೆಬರಹ ಇನ್ಯಾರಿಗಿದ್ದೀತು?

ಆದರೂ ವರ್ಷದ ಕೊನೆಯ ಪ್ರದರ್ಶನದಲ್ಲಿ ರಾಜನ ವೇಷ ತನಗೇ ಸಿಗಬೇಕು ಎಂಬ ಆಸೆ ಅವಳೊಳಗೆ ಬೆಳೆದುಬಿಟ್ಟಿತ್ತು. ಅಂಕಕ್ಕಲ್ಲ. ಅದರ ಚಿತ್ರವನ್ನು ಮನೆಗೆ ಕಳಿಸಬೇಕು, ಅಪ್ಪ ಕಣ್ಣಾರೆ ನೋಡಬೇಕು, ನೋಡಿ ಒಂದು ಮಾತು ಆಡಬೇಕು. ಒಳ್ಳೆಯದೋ ಕೆಟ್ಟದ್ದೋ, ಒಂದು ಮಾತು.

ರಾಜನ ಪ್ರವೇಶದ ಕುಣಿತ ಶುರುವಾದದ್ದು ಚಳಿ ಕಳೆದ ಮೇಲೆ. ಮೇಡಂ ಗಿರಗಿರನೆ ಸುತ್ತಿ, ಸುತ್ತು ಮುಗಿಯುವಲ್ಲಿ ಎಡಗಾಲನ್ನು ಚಕ್ಕನೆ ತಡೆದು, ಬೆರಳ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿ, ಮೈಯನ್ನು ಬಲಕ್ಕೆ ವಾಲಿಸಿ, ಆಮೇಲೆ ಮೆಲ್ಲಗೆ ಪಾದ ಊರಿದರು. "ಇಲ್ಲಿ ಅರಸನು ತನ್ನ ರಾಜ್ಯಭಾರವನ್ನು ನೆನೆದು ಕ್ಷಣಕಾಲ ತಡೆಯುತ್ತಾನೆ" ಎಂದು ವಿವರಿಸಿದರು. ಆ ತಡೆಯ ಬಗ್ಗೆಯೇ ಅವರು ಉದ್ದನೆಯ ಪ್ರಬಂಧವೊಂದನ್ನು ಬರೆದಿದ್ದರು. ತರಗತಿಯವರೆಲ್ಲ ಸಾಲಾಗಿ ನಿಂತು ಸುತ್ತಿದರು, ಎಡಗಾಲು ತಡೆದರು, ಬಲಕ್ಕೆ ವಾಲಿದರು.

ಅವಳು ಮಾತ್ರ ಕಂಬದ ಹಾಗೆ ನಿಂತಳು. ಆ ವಾಲುವಿಕೆ ಅವಳು ದಿನಾ ಕಂಡದ್ದೇ. ಬಚ್ಚಲಮನೆಯ ಮೆಟ್ಟಿಲಿಳಿಯುವಾಗ ಅಪ್ಪ ಮಾಡುತ್ತಿದ್ದದ್ದು ಅದೇ. ಅವಳು ಚಿಕ್ಕವಳಿದ್ದಾಗ ರಂಗದ ಹಲಗೆ ಮುರಿದು, ಅಪ್ಪ ಬಿದ್ದು, ಎಡಮಂಡಿ ಚೂರಾಗಿತ್ತು. ಅಲ್ಲಿಗೆ ಮೇಳ ಮುಗಿಯಿತು, ರಾಜವೇಷ ಮುಗಿಯಿತು. ಆಮೇಲೆ ಮನೆಯಲ್ಲಿ ಕೂತು ಬಂದವರಿಗೆ ಪಾಠ ಹೇಳುತ್ತಿದ್ದರು. ಎಡಗಾಲಿಗೆ ಭಾರ ಬಿಟ್ಟರೆ ಜೀವ ಹೋಗುವಷ್ಟು ನೋವಾಗುತ್ತಿತ್ತು, ಆದ್ದರಿಂದ ಬೆರಳೂರಿ, ಬಲಕ್ಕೆ ವಾಲಿ, ಹಲ್ಲು ಕಚ್ಚಿ ಪಾದ ಇಡುತ್ತಿದ್ದರು. ರಾಜ್ಯಭಾರವಂತೆ, ಸುಡುಗಾಡು.

ತರಗತಿ ಮುಗಿದ ಮೇಲೆ ಮೇಡಂ ಕೋಣೆಗೆ ಹೋಗಿ ಆದಷ್ಟು ಮೆತ್ತಗೆ ಹೇಳಿದಳು. "ಮೇಡಂ, ಅದು ಹೆಜ್ಜೆಯಲ್ಲ. ಅಪ್ಪನ ಮಂಡಿನೋವು."

ಮೇಡಂ ಕನ್ನಡಕ ತೆಗೆದು ಅವಳನ್ನು ನೋಡಿದರು. "ಗುರುಪುತ್ರಿ, ನಿನ್ನ ತಂದೆಯು ಒಂದು ಸಂವತ್ಸರ ಎನಗೆ ಅದನ್ನೇ ಕಲಿಸಿದರು. ಒಮ್ಮೆಯಾದರೂ ನೋವೆಂದು ನುಡಿದವರಲ್ಲ."

"ಅವರು ಹೇಳೋ ಪೈಕಿನೇ ಅಲ್ಲ."

"ಹಾಗಾದರೆ ಗುರುಗಳೇ ನಿರ್ಣಯಿಸಲಿ. ರಾಜವೇಷವು ಯಾರಿಗೆ ಸಲ್ಲಬೇಕೆಂಬುದನ್ನೂ ಅವರೇ ನುಡಿಯಲಿ." ಮೇಡಂ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಹೆದರಿಕೆಯಿತ್ತು. ಅದನ್ನು ಕಂಡೂ ಅವಳು ಹಿಂದೆ ಸರಿಯಲಿಲ್ಲ.

ವಾರ ಕಳೆದು ಅಭ್ಯಾಸದ ಕೋಣೆಯ ಗೋಡೆಯ ಮೇಲೆ ದೊಡ್ಡ ಪರದೆ ಹಾಕಿದರು. ಅದರಲ್ಲಿ ಮೊದಲು ಕಂಡದ್ದು ಮನೆಯ ಫ್ಯಾನು, ಆಮೇಲೆ ಅಪ್ಪನ ಹಣೆ. ಅಮ್ಮ ಫೋನು ಹಿಡಿದಿದ್ದರು. "ಕಾಣ್ತಿದೆಯಾ? ರೀ, ಸ್ವಲ್ಪ ಹಿಂದೆ ಕೂತ್ಕೊಳ್ಳಿ, ಬರೀ ಮೂಗೇ ಬರ್ತಿದೆ" ಎನ್ನುವುದು ಇಡೀ ಕೋಣೆಗೆ ಕೇಳಿಸಿತು. ಅಪ್ಪ ಇಸ್ತ್ರಿ ಅಂಗಿಯನ್ನು ಕತ್ತಿನವರೆಗೂ ಗುಂಡಿ ಹಾಕಿ ತೊಟ್ಟಿದ್ದರು. ಮಗಳನ್ನು ಕಂಡು ತಲೆಯಾಡಿಸಿದರು, ಅಷ್ಟೆ.

ಒಬ್ಬೊಬ್ಬರಾಗಿ ಕುಣಿದರು. ಏಣಿ ಕುಣಿದದ್ದು ನಿಜಕ್ಕೂ ಚೆನ್ನಾಗಿತ್ತು. ಅವನು ವಾಲಿ ನಿಂತಾಗ ಅವಳಿಗೇ ಒಂದು ಗಳಿಗೆ ರಾಜ್ಯಭಾರದ ಮಾತು ನಿಜವೆನಿಸಿಬಿಟ್ಟಿತು. ಕೊನೆಯ ಸರದಿ ಅವಳದು. ಸುತ್ತಿದಳು, ಎಲ್ಲೂ ತಡೆಯದೆ ಎಡಪಾದವನ್ನು ಧಪ್ಪೆಂದು ಊರಿದಳು, ಅದರ ಮೇಲೇ ಇಡೀ ಮೈಯನ್ನೆತ್ತಿ ಮುಂದಿನ ಸುತ್ತಿಗೆ ಹಾರಿದಳು.

ಪರದೆಯಲ್ಲಿ ಅಪ್ಪ ಅಲುಗಾಡಲಿಲ್ಲ. ಚಿತ್ರ ನಿಂತುಹೋಯಿತೇನೋ ಎಂದು ಯಾರೋ ತಂತಿ ಎಳೆದು ನೋಡಿದರು.

"ಗುರುಗಳೇ, ಎಡಗಾಲನ್ನು ತಡೆಯಬೇಕೋ ತಡೆಯಬಾರದೋ?" ಎಂದರು ಮೇಡಂ. ಅಪ್ಪನ ಬಳಿ ಕಲಿಯುವಾಗ ಸೀರೆಯುಟ್ಟ ರೂಢಿಗೆ ಅವರ ಕೈ ಹೆಗಲ ಮೇಲಿಲ್ಲದ ಸೆರಗನ್ನು ಹುಡುಕುತ್ತಿತ್ತು.

ಅಪ್ಪ ಕತ್ತಿನ ಗುಂಡಿ ಮುಟ್ಟಿ ನೋಡಿಕೊಂಡರು. "ನೀವು ಹೇಳಿಕೊಟ್ಟಿರೋದೇ ಸರಿ ಮೇಡಂ. ತಡೀಬೇಕು. ಆ ಎತ್ತರದ ಹುಡುಗನಿಗೆ ಕೊಡಿ ರಾಜನ ವೇಷ."

ಮೇಡಂ ಅದನ್ನು ತಮ್ಮ ಭಾಷೆಯಲ್ಲಿ ಹೇಳುತ್ತಲೇ ತರಗತಿ ಚಪ್ಪಾಳೆ ತಟ್ಟಿತು. ಏಣಿ ಓಡಿಬಂದು ಮತ್ತೆ ಅವಳ ಕಾಲು ಮುಟ್ಟಿದ. ಒದೆಯಬೇಕೆನ್ನುವಷ್ಟು ಸಿಟ್ಟು ಬಂದದ್ದನ್ನು ನುಂಗಿಕೊಂಡು, ಬೂಟು ಕೈಯಲ್ಲಿ ಹಿಡಿದು ಹೊರಗೆ ನಡೆದಳು.

ಮೆಟ್ಟಿಲುಗಳ ನಡುವಿನ ಜಾಗದಲ್ಲಿ ನಿಂತು ಫೋನು ಹಚ್ಚಿದಳು. ಎತ್ತಿದ್ದು ಅಮ್ಮ. "ಚಿನ್ನಿ, ಅವರಿಗೆ ಏನಾಗಿದೆಯೋ ಏನೋ. ಹಿತ್ತಲ ಬಾಗಿಲಲ್ಲಿ ನಿಂತ್ಕೊಂಡಿದ್ದಾರೆ. ಕಾಫಿ ಕೊಟ್ರೂ ಬೇಡ ಅಂತಾರೆ."

"ಕೊಡಮ್ಮಾ ಅವರಿಗೆ."

ಅಪ್ಪನ ಮುಖ ಬಂತು. ಕತ್ತಿನ ಗುಂಡಿ ಬಿಚ್ಚಿತ್ತು.

"ಯಾಕಪ್ಪಾ ಸುಳ್ಳು ಹೇಳಿದ್ರಿ? ಅಷ್ಟು ಜನರ ಮುಂದೆ?"

"ಇನ್ನೇನು ಹೇಳ್ಬೇಕಿತ್ತು?" ಎಂದರು ಅಪ್ಪ. "ಅವರು ಬಂದಾಗ ನನ್ನ ಕಾಲು ಹೋಗಿಯಾಗಿತ್ತು. ಅಷ್ಟು ದೂರದಿಂದ ಬಂದು ಕಲಿಸಿ ಅಂತ ಕೂತ್ರು. ಕುಂಟನ ಹತ್ರ ಏನು ಕಲೀತೀರಿ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ನನ್ನ ಕೈಲಾದ ಹಾಗೆ ಮಾಡಿ ತೋರಿಸಿದೆ. ಅವರು ನಂಬಿ ತಗೊಂಡು ಹೋದ್ರು. ಈಗ ಅವರ ಹತ್ರ ಕಲಿಯೋ ಮಕ್ಕಳ ಎದುರಿಗೆ ಅದು ನೋವು ಅಂದ್ರೆ, ಅವರು ಮುಖ ಎಲ್ಲಿಟ್ಕೋಬೇಕು?"

"ಮತ್ತೆ ನನ್ನ ಮುಖ?"

"ತಡೆಯದೆ ಕಾಲು ಊರೋದು ನಿನಗೆ ಎಲ್ಲಿಂದ ಬಂತು?" ಎಂದರು ಅಪ್ಪ. "ಅವರು ಹೇಳಿಕೊಟ್ಟಿದ್ದಲ್ಲ. ನಾನಂತೂ ಕಲಿಸಿಲ್ಲ."

"ನೋಡಿದ್ದು. ನೀವು ಬೀಳೋಕೆ ಮುಂಚೆ. ಅಮ್ಮನ ಮಡಿಲಲ್ಲಿ ಕೂತು ನೋಡ್ತಿದ್ದೆ. ಬೆಳಗ್ಗೆ ನೀವು ಬಂದು ಮಲಗಿದ ಮೇಲೆ ಹಿತ್ತಲಲ್ಲಿ ಆ ಸುತ್ತೊಂದನ್ನೇ ಮಾಡ್ತಿದ್ದೆ. ನೀವು ಬಿದ್ದ ಮೇಲೂ ಬಿಡಲಿಲ್ಲ."

"ಆಗ ಯಾರೂ ಚಿತ್ರ ಹಿಡಿದಿಟ್ಟಿರಲಿಲ್ಲ," ಎಂದರು ಅಪ್ಪ. "ಆ ಸುತ್ತು ಹೇಗಿತ್ತು ಅಂತ ನನಗೇ ಮರೆತುಹೋಗಿತ್ತು ಪುಟ್ಟಿ. ಅಲ್ಲಿ ನೀನು ಕಾಲು ಊರಿದಾಗ ಎದೆ ಝಲ್ಲಂತು. ನನ್ನ ಕಾಲು ಅದು."

ಅವಳಿಗೆ ಅಳು ಬಂತು, ಅದರ ಜೊತೆಗೇ ಸಿಟ್ಟೂ ಬಂತು. ಇಷ್ಟನ್ನು ಆ ಪರದೆಯ ಮೇಲೆ ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಒಂದು ವೇಷ ಹೋಯಿತು, ಮತ್ತೆ ಬರುವುದಿಲ್ಲ. ಈ ಮನುಷ್ಯನ ಜೊತೆ ಏಗುವುದು ಯಾರ ಕೈಲಾದೀತು?

"ಫೋನು ಕೆಳಗಿಡು," ಎಂದರು ಅಪ್ಪ.

"ಇಡ್ತೀನಿ ಬಿಡಿ. ನನಗೂ ತರಗತಿ ಇದೆ."

"ಕಟ್ ಮಾಡು ಅನ್ನಲಿಲ್ಲ. ನೆಲದ ಮೇಲಿಡು, ನಿನ್ನ ಕಾಲು ಕಾಣೋ ಹಾಗೆ."

ಅವಳು ಕಣ್ಣು ಕಿರಿದು ಮಾಡಿ ಅವರನ್ನೇ ನೋಡಿದಳು. ಆಮೇಲೆ ಫೋನನ್ನು ಗೋಡೆಗೆ ಒರಗಿಸಿಟ್ಟಳು. ಕೆಳಗಿನಿಂದ ಹತ್ತಿ ಬರುತ್ತಿದ್ದ ಇಬ್ಬರು ಅವಳನ್ನು ವಿಚಿತ್ರವಾಗಿ ನೋಡಿ, ಗೋಡೆಗೆ ಅಂಟಿಕೊಂಡು ದಾಟಿಹೋದರು. ಅಪ್ಪ ಹಿತ್ತಲ ಬಾಗಿಲಿನ ಚೌಕಟ್ಟಿನ ಮೇಲೆ ಬೆರಳಿಂದ ತಾಳ ಹಾಕತೊಡಗಿದರು. ಅವಳು ಸುತ್ತಿ ಪಾದ ಊರಿದಳು.

"ತಪ್ಪು," ಎಂದರು ಅಪ್ಪ. "ಹಿಮ್ಮಡಿ ಸೋಮಾರಿಯಾಗಿದೆ. ಮೊದಲಿಂದ."

ಹುಟ್ಟಿದಾಗಿನಿಂದ ಅಪ್ಪ ಬೈದದ್ದಕ್ಕೆ ಲೆಕ್ಕವಿಲ್ಲ. ಆದರೆ ಕುಣಿತದಲ್ಲಿ ತಪ್ಪು ಎಂದದ್ದು ಇದೇ ಮೊದಲು. ಅವಳು ತೋಳಿನಿಂದ ಮೂಗೊರೆಸಿಕೊಂಡು, ಮತ್ತೆ ಮೊದಲಿನ ಜಾಗಕ್ಕೆ ಹೋಗಿ ನಿಂತಳು.